ಬೆಕ್ಕಿಗೆ ನೆನೆಸಿದ್ದೋ, ಒಣಗಿದ್ದೋ

ಮಾರ್ಕೆಟ್ ಯಾರ್ಡ್, ಪುಣೆ
ಸೋಮವಾರ, 14-8-1978

ಕೊಂಢವಾದಲ್ಲಿರುವ ಮಾನಮ್ಮನಿಗೆ ಶಿವಬಸವ್ವನ ಶರಣು.

ಇಂದು ಶ್ರಾವಣ ಸೋಮವಾರ, ಉಪವಾಸ. ನೀರು ತುಂಬಿ, ಲಿಂಗಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ನಮ್ಮ ಯಜಮಾನರು ತೀರಿಕೊಂಡು ಹನ್ನೆರಡು ದಿನವಾಯಿತು. ಮಣ್ಣಿಗೆ ಬಂದು ದೂರ ನಿಂತು ಅತ್ತವಳು ನೀನೇ ಎಂದು ಪಕ್ಕದ ಮನೆಯ ಗೌರಾಬಾಯಿ ಹೇಳಿದಳು. ವಾರದಲ್ಲಿ ಎರಡು ದಿನ ಅವರು ಎಲ್ಲಿರುತ್ತಿದ್ದರೆಂದು ನನಗೆ ಆರು ವರ್ಷದಿಂದ ಗೊತ್ತು. ಅದನ್ನು ಬರೆಯಲು ಕುಳಿತಿಲ್ಲ. ಬೆಕ್ಕಿನ ಸಲುವಾಗಿ ಬರೆಯುತ್ತಿದ್ದೇನೆ.

ನೀನು ಊರಿಗೆ ಹೋಗಿದ್ದಾಗ ಅವರು ಅದನ್ನು ಚೀಲದಲ್ಲಿ ತಂದು, "ಗೋದಾಮಿನ ಬೆಕ್ಕದ, ಇಲಿ ಭಾಳ ಹಿಡೀತದ" ಅಂದರು. ಗೋದಾಮಿನ ಬೆಕ್ಕಿನ ಕೊರಳಿಗೆ ಕೌದಿ ಬಟ್ಟೆಯ ಪಟ್ಟಿ ಯಾರು ಹೊಲಿಯುತ್ತಾರೆ?

ಹಾಲಿನಲ್ಲಿ ರೊಟ್ಟಿ ನೆನೆಸಿ ಇಟ್ಟರೆ ಹಾಲಷ್ಟೇ ನೆಕ್ಕಿ ಬಾಗಿಲಲ್ಲಿ ಹೋಗಿ ಕೂರುತ್ತದೆ. ಪಕ್ಕೆಲುಬು ಎದ್ದಿವೆ. ನಿನ್ನೆ ಅವರ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಒಣಮೀನಿನ ಪೊಟ್ಟಣ ಸಿಕ್ಕಿತು. ನಮ್ಮದು ಲಿಂಗ ಕಟ್ಟಿದ ಮನೆ. ನಿಮ್ಮಲ್ಲಿ ಅವರೂ ತಿನ್ನುತ್ತಿದ್ದರೇ ಎಂದು ನಾನು ಕೇಳುವುದಿಲ್ಲ, ನೀನೂ ಹೇಳಬೇಡ.

ಪೊಟ್ಟಣ ಎಸೆದಿಲ್ಲ. ಅದನ್ನು ಒಣಗಿದ್ದೇ ಹಾಕಬೇಕೋ, ನೀರಲ್ಲಿ ನೆನೆಸಬೇಕೋ ತಿಳಿಸು. ಅವರು ತಂದ ಜೀವ ನನ್ನ ಮನೆಯಲ್ಲಿ ಹಸಿದು ಸಾಯಬಾರದು. ಕೈಯಿಂದಲೇ ತಿನ್ನಿಸಬೇಕೆಂದರೆ ಅದು ನನ್ನಿಂದಾಗದು, ತಂಗಿ.

ಉತ್ತರ ತರಲು ನಾಳೆ ಗೌರಾಬಾಯಿಯನ್ನು ಕಳಿಸುತ್ತೇನೆ. ಅವಳ ಕೈಯಲ್ಲಿ ಕೊಡು, ಇಲ್ಲವೇ ಅವಳ ಜೊತೆ ನೀನೇ ಬಾ.

ಶಿವಬಸವ್ವ