ಉಗುರುಬೆಚ್ಚಗಿನ ಮನೆ

೧೨ ನವೆಂಬರ್, ಮಂಗಳವಾರ

ಇವತ್ತು ಎರಡು ಬಾಯ್ಲರ್ ಸರ್ವಿಸ್, ಒಂದು ಲೀಕ್ ರಿಪೇರಿ. ಮಿಸೆಸ್ ಪಿಕಪ್ ಮನೆಯ ಬಾಯ್ಲರ್ ಮತ್ತೆ ಗೊರಗೊರ ಎನ್ನುತ್ತಿದೆ. ಈ ಚಳಿಗಾಲ ದಾಟಿದರೆ ಹೆಚ್ಚು. ಹೊಸದು ಹಾಕಿಸಿಕೊಳ್ಳಿ ಎಂದೆ. ಕ್ರಿಸ್‌ಮಸ್ ಕಳೆಯಲಿ ಎಂದರು. ಎಲ್ಲರೂ ಹೇಳುವುದೇ ಅದು.

ಮನೆಗೆ ಬಂದರೆ ಗ್ಲೆನಿಸ್ ಮಾಂಸದ ಪೈ ಮಾಡಿಟ್ಟಿದ್ದಳು. ಮಂಗಳವಾರ ಪೈ ಎಂದರೆ ಏನೋ ಇದೆ ಎಂದೇ ಅರ್ಥ. ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ತಿಳಿಯದೇ?

"ಟ್ರೆವ್, ಬೈಬೇಡ. ಹೀಟ್ ಪಂಪ್‌ಗೆ ಗ್ರಾಂಟ್ ಮಂಜೂರಾಯ್ತು."

"ಯಾರಿಗೆ?"

"ಯಾರಿಗೆ ಅಂದ್ರೆ? ನಮಗೇ. ಈ ಮನೆಗೆ."

ಫೋರ್ಕ್ ಕೆಳಗಿಟ್ಟೆ. ಮನೆ ಕಾಯಿಸುವ ಗ್ಯಾಸ್ ಬಾಯ್ಲರ್ ಕಿತ್ತು, ಹೊರಗಿನ ಗಾಳಿಯಿಂದ ಬಿಸಿ ಹೀರುವ ಕರೆಂಟಿನ ಹೀಟ್ ಪಂಪ್ ಹಾಕಿಸಿಕೊಂಡರೆ ಸರ್ಕಾರ ಏಳೂವರೆ ಸಾವಿರ ಪೌಂಡ್ ಕೊಡುತ್ತದೆ. ಗೊತ್ತು. ಆ ಸುದ್ದಿ ಬಂದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ವ್ಯಾನಿನ ಮೇಲೆ ದೊಡ್ಡದಾಗಿ ಬರೆಸಿದ್ದೇನೆ — ಟ್ರೆವರ್ ಹಾರ್ಗ್ರೀವ್ಸ್, ಬಾಯ್ಲರ್ ಫಿಟ್ಟಿಂಗ್ ಮತ್ತು ರಿಪೇರಿ. ಅದೊಂದೇ ನನಗೆ ಬರುವ ವಿದ್ಯೆ. ಈಗ ನನ್ನ ಮನೆಯಲ್ಲೇ!

ನಾನಿಲ್ಲದಾಗ ವಸೀಮ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ನನ್ನ ಜೊತೆ ವರ್ಷಗಟ್ಟಲೆ ಬಾಯ್ಲರ್ ಹೊತ್ತವನು, ಈಗ ಹೀಟ್ ಪಂಪ್ ಪಾರ್ಟಿ. ಮನೆ ಗ್ಲೆನಿಸಳಿಗೆ ಅವಳ ಅಮ್ಮನಿಂದ ಬಂದದ್ದು, ಗ್ಲೆನಿಸಳ ಹೆಸರಿನಲ್ಲೇ ಇದೆ. ನನ್ನ ಸಹಿ ಬೇಕಾಗಿಯೇ ಇಲ್ಲ.

"ಯಾಕೆ ಅಂತ ಕೇಳಲ್ವಾ?"

ಕೇಳಬೇಕಾಗಿಲ್ಲ. ಹೋದ ಫೆಬ್ರವರಿಯಲ್ಲಿ ಅವಳಿಗಾದ ನ್ಯುಮೋನಿಯಾ. ಮನೆ ಹಗಲೂ ರಾತ್ರಿ ಒಂದೇ ಸಮ ಬೆಚ್ಚಗಿರಬೇಕು ಎಂದಿದ್ದರು ಡಾಕ್ಟರ್. ನಾವೋ, ಊರಿನವರೆಲ್ಲರ ಹಾಗೆ, ಬೆಳಿಗ್ಗೆ ಸ್ವಲ್ಪ ಸಂಜೆ ಸ್ವಲ್ಪ ಉರಿಸುವವರು. ಬಾಯ್ಲರನ್ನೇ ಇಡೀ ದಿನ ಸಣ್ಣಗೆ ಇಡೋಣ ಎಂದೆ. "ಹೋದ ಚಳಿಗಾಲದಲ್ಲೂ ಹಂಗೇ ಅಂದೆ. ಎರಡು ದಿನ ಇಟ್ಟು ಆಫ್ ಮಾಡಿದೆ" ಎಂದಳು. ನಿಜ. ಇನ್ನೊಂದು ತುಂಡು ಪೈ ಬಡಿಸಿಕೊಂಡೆ.

೧೫ ನವೆಂಬರ್, ಶುಕ್ರವಾರ

ಪಬ್‌ಗೆ ಕಾಲಿಡುತ್ತಲೇ ಪೋಸ್ಟ್‌ಮನ್ ಡೆನ್ಜಿಲ್ ಶುರು ಮಾಡಿದ.

"ಏನಪ್ಪಾ ಟ್ರೆವ್, ಕಟುಕನ ಹೆಂಡ್ತಿ ಬರೀ ಸೊಪ್ಪು ತಿಂತೀನಿ ಅಂತ ಹಟ ಹಿಡಿದಿದ್ದಾಳಂತೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಸರು ಸಂಪಾದಿಸುವುದಕ್ಕೆ ಎಷ್ಟು ವರ್ಷ ಬೇಕಾಯಿತು... ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಹಿಡಿದವಳು ನನ್ನ ಹೆಂಡತಿ.

೪ ಡಿಸೆಂಬರ್, ಬುಧವಾರ

ಬಾಯ್ಲರ್ ಬಿಚ್ಚುವ ಕೆಲಸ ನಾನೇ ಮಾಡಿದೆ. ಬೇರೆಯವರ ಕೈ ಬೀಳುವುದು ಬೇಡ ಎನಿಸಿತು. ಗ್ಯಾಸ್ ಪೈಪಿನ ಬಾಯಿ ಮುಚ್ಚಿ ಬಿಗಿ ಮಾಡಿದೆ. ಗೋಡೆಯ ಮೇಲೆ ಬೆಳ್ಳನೆಯ ಚೌಕ ಉಳಿಯಿತು.

"ಮುಖ ಯಾಕೆ ಗುರುವೇ ಹಿಂಗೆ, ಹೆಣ ಹೊರೋರ ಥರ?" ಎಂದ ವಸೀಮ್.

"ಹೆಣಾನೇ ಅಲ್ವೇನೋ ಇದು."

ಹಿತ್ತಿಲಿನಲ್ಲಿ ಫ್ಯಾನಿನ ಪೆಟ್ಟಿಗೆ ಕೂರಿಸಿದ. ಸಂಜೆ ಹೊತ್ತಿಗೆ ಚಾಲೂ. ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರ್ ಮುಟ್ಟಿ ನೋಡಿದೆ — ಉಗುರುಬೆಚ್ಚಗೆ. ಇದೇನು, ಮಗುವಿಗೆ ಸ್ನಾನ ಮಾಡಿಸುವುದಕ್ಕೇ? ಎಂದೆ.

"ಅದು ಹಂಗೇ ಇರೋದು. ಕೈ ಸುಡಲ್ಲ, ಮನೆ ಬೆಚ್ಚಗಿರುತ್ತೆ. ಆಫ್ ಮಾಡಬಾರದು, ಏರಿಸಿ ಇಳಿಸಿ ಮಾಡಬಾರದು, ಅದರ ಪಾಡಿಗೆ ಬಿಡಬೇಕು. ಅದರೊಳಗಿನ ನೀರಿನ ಬಿಸಿ ನಲವತ್ತೆರಡು ಡಿಗ್ರಿಗೆ ಇಟ್ಟಿದ್ದೀನಿ." ಆಮೇಲೆ ಮೆಟ್ಟಿಲ ಕೆಳಗಿನ ಕಂಟ್ರೋಲ್ ಪ್ಯಾನೆಲ್ ತೆರೆದು, ಆ ಬಿಸಿ ಬದಲಿಸಲು ಫಿಟ್ಟರ್‌ಗಳಷ್ಟೇ ಹಾಕುವ ಗುಟ್ಟಿನ ನಂಬರನ್ನೂ ಹೇಳಿಬಿಟ್ಟ. "ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ, ಗುರುವೇ?"

೧೦ ಡಿಸೆಂಬರ್, ಮಂಗಳವಾರ

ಊರಾಚೆಯ ಪೆಂಡಲ್ ಗುಡ್ಡ ಹಿಮ ಬಿದ್ದು ಬೆಳ್ಳಗಾಗಿದೆ. ಮನೆಯೊಳಗೆ ಇಪ್ಪತ್ತು ಡಿಗ್ರಿ. ಬೆಳಿಗ್ಗೆಯೂ ಇಪ್ಪತ್ತು, ಮಧ್ಯಾಹ್ನವೂ ಇಪ್ಪತ್ತು. ಗ್ಲೆನಿಸ್ ರಾತ್ರಿ ಒಮ್ಮೆಯೂ ಕೆಮ್ಮಲಿಲ್ಲ. ಬರಿಗಾಲಲ್ಲಿ ಓಡಾಡುತ್ತಾಳೆ, ಹಾಡಿಕೊಳ್ಳುತ್ತಾಳೆ.

ಸಂತೋಷವಾಗಬೇಕಿತ್ತು. ಆಯಿತು ಕೂಡ, ಒಂದು ಗಳಿಗೆ.

ಮಿಸೆಸ್ ಪಿಕಪ್ ಫೋನ್: "ನಿಮ್ಮ ಮನೇದು ಚೆನ್ನಾಗಿದೆಯಂತಲ್ಲಪ್ಪ. ಹೊಸ ಬಾಯ್ಲರ್ ವಿಚಾರ ಸ್ವಲ್ಪ ತಡೀತೀನಿ." ಅವರ ಹಿಂದೆಯೇ ಇನ್ನೊಬ್ಬರು. ಬಿಸಿ ತುಪ್ಪ — ನುಂಗಲಾರೆ, ಉಗುಳಲಾರೆ.

೩ ಜನವರಿ, ಶುಕ್ರವಾರ

ಹಬ್ಬದಲ್ಲಿ ಬರೆಯಲಿಲ್ಲ. ಬರೆಯುವಂಥದ್ದೂ ಇರಲಿಲ್ಲ, ಚೆನ್ನಾಗಿತ್ತು.

ಇವತ್ತು ಗ್ಲೆನಿಸ್ ಬಾಂಬ್ ಹಾಕಿದಳು. ಗ್ರಾಂಟ್ ಪಡೆದವರು ಮನೆ ತೆರೆದು ಊರಿನವರಿಗೆ ತೋರಿಸುವ ಕಾರ್ಯಕ್ರಮವಂತೆ. ಹೆಸರು ಕೊಟ್ಟುಬಿಟ್ಟಿದ್ದಾಳೆ. ಹದಿನೆಂಟನೇ ತಾರೀಖು, ಶನಿವಾರ. ಬರುತ್ತೇವೆ ಎಂದವರ ಹೆಸರು ಓದಿ ಹೇಳಿದಳು. ಒಬ್ಬೊಬ್ಬರ ಹೆಸರಿಗೂ ಅವರ ಮನೆಯ ಬಾಯ್ಲರ್ ಕಣ್ಣೆದುರು ಬಂತು. ಎಲ್ಲ ನಾನೇ ಹಾಕಿದ್ದು.

"ನೀನೂ ಇರ್ತೀಯ ತಾನೇ? ನಿನ್ನ ಪಕ್ಕ ನಿಂತು ತೋರಿಸೋದೇ ನಂಗೆ ಹೆಮ್ಮೆ ಕಣೋ."

ಇರುತ್ತೇನೆ ಎಂದೆ. ನನಗೀಗ ಅರವತ್ತೆರಡು. ಹೊಸ ವಿದ್ಯೆ ಕಲಿ ಎನ್ನುತ್ತಾನೆ ವಸೀಮ್, ತಿಂಗಳ ಕೋರ್ಸ್ ಅಷ್ಟೇ ಎನ್ನುತ್ತಾನೆ. ಪರೀಕ್ಷೆಯಲ್ಲಿ ಕೂತು ಫೇಲಾದರೆ? ಆ ಹುಡುಗರ ನಡುವೆ?

೬ ಜನವರಿ, ಸೋಮವಾರ

ಮಾಡಿಬಿಟ್ಟೆ.

ಗ್ಲೆನಿಸ್ ಅಂಗಡಿಗೆ ಹೋಗಿದ್ದಳು. ಪ್ಯಾನೆಲ್ ತೆರೆದು ನಂಬರ್ ಹಾಕಿ ನಲವತ್ತೆರಡನ್ನು ಮೂವತ್ತಕ್ಕೆ ಇಳಿಸಿದೆ. ಎರಡೇ ದಿನ. ಮನೆ ತಣ್ಣಗಾಗುತ್ತದೆ, ಅವಳು ಗೊಣಗುತ್ತಾಳೆ, ಹದಿನೆಂಟರ ಪ್ರದರ್ಶನ ರದ್ದು ಮಾಡುತ್ತಾಳೆ. ತಕ್ಷಣ ಮೊದಲಿನಂತೆ ಏರಿಸಿಬಿಡುತ್ತೇನೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಪ್ಯಾನೆಲ್ ಮೇಲೆ ಉಳಿದ ಬೆರಳಚ್ಚನ್ನು ಅಂಗಿಯ ತೋಳಿನಿಂದ ಒರೆಸಿದೆ.

೮ ಜನವರಿ, ಬುಧವಾರ

ಮನೆಯೊಳಗೆ ಹದಿನೈದು ಡಿಗ್ರಿ. ಹೊರಗೆ ಹಿಮ ಗಟ್ಟಿಯಾಗಿದೆ. ಗ್ಲೆನಿಸ್ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದಳು.

"ಚಳಿ ಆಗ್ತಿದೆಯಾ?" ಎಂದೆ. ಎಷ್ಟು ಮೆತ್ತಗೆ ಕೇಳಿದೆನೆಂದರೆ ನನಗೇ ಅಸಹ್ಯವಾಯಿತು.

"ಇಲ್ಲಪ್ಪ, ಹಿತವಾಗಿದೆ. ನಿಂಗೆ?"

"ನಂಗೂ ಹಿತವಾಗಿದೆ."

ಇಬ್ಬರ ಕೈಯೂ ಕಂಕುಳೊಳಗಿತ್ತು.

೧೧ ಜನವರಿ, ಶನಿವಾರ

ಹಜಾರದ ಗೋಡೆಯಲ್ಲಿ ಮನೆಯ ಬಿಸಿ ತೋರಿಸುವ ಥರ್ಮೋಸ್ಟಾಟ್ ಕಾಣಲಿಲ್ಲ. ಅದರ ಮೇಲೆ ಕತ್ತೆಗಳ ಚಿತ್ರದ ಕ್ಯಾಲೆಂಡರ್ ನೇತುಹಾಕಿದ್ದಾಳೆ. ನಾನು ನೋಡಬಾರದು, 'ನಾನು ಮೊದಲೇ ಹೇಳಿರಲಿಲ್ಲವೇ' ಎನ್ನಬಾರದು — ಅದಕ್ಕೆ.

ಎಂಥ ಹಟಮಾರಿ! ಒಂದು ಮಾತು, 'ಟ್ರೆವ್, ಚಳಿ' ಎಂದರೆ ಸಾಕು. ಹೇಳಲಾರಳು. ಇದನ್ನು ತರಿಸಿದವಳು ಅವಳು. ನನ್ನೆದುರು ಸೋಲುವುದಕ್ಕಿಂತ ಸೆಡೆತುಕೊಂಡು ಕೂರುವುದು ವಾಸಿ ಅವಳಿಗೆ. ನಾನೇನು ಕಡಿಮೆಯೇ? ಜನವರಿಯ ಕತ್ತೆಯನ್ನು ನೋಡುತ್ತ ನಿಂತಿದ್ದೆ. ಅದೂ ನನ್ನನ್ನು ನೋಡುತ್ತಿತ್ತು.

೧೪ ಜನವರಿ, ಮಂಗಳವಾರ

ಬೆಳಗಿನ ಜಾವ ಕೆಮ್ಮು ಕೇಳಿಸಿತು. ಒಣ ಕೆಮ್ಮು. ದಿಂಬಿಗೆ ಬಾಯಿ ಒತ್ತಿಕೊಂಡು ಕೆಮ್ಮುತ್ತಿದ್ದಳು, ನನಗೆ ಕೇಳಬಾರದೆಂದು.

ಎದ್ದು ಕೆಳಗೆ ಹೋದೆ. ಪ್ಯಾನೆಲ್ ತೆರೆದೆ. ಮುಚ್ಚಿದೆ. ಶನಿವಾರ ಒಂದು ಕಳೆಯಲಿ. ಇನ್ನು ಎಷ್ಟು ದಿನ... ಒಣ ಕೆಮ್ಮು, ಅಷ್ಟೇ. ಜೇನುತುಪ್ಪ ನಿಂಬೆಹಣ್ಣು ಬಿಸಿನೀರಿಗೆ ಹಾಕಿ ತಂದುಕೊಟ್ಟೆ. "ಎಷ್ಟು ಒಳ್ಳೆಯವನು ನೀನು" ಎಂದಳು.

೧೮ ಜನವರಿ, ಶನಿವಾರ

ಮುಗಿಯಿತು.

ಅಡುಗೆಮನೆಗೆ ಕಾಲಿಟ್ಟರೆ ಓವನ್ ಬಾಯಿ ತೆರೆದುಕೊಂಡು ಉರಿಯುತ್ತಿತ್ತು. "ಚಹಾಕ್ಕೆ ಸ್ಕೋನ್ ಬನ್ನು ಬೇಯಿಸಿದ್ನಲ್ಲ, ಹಂಗೇ ಬಿಟ್ಟೆ" ಎಂದಳು. ನೀಲಿ ಉಡುಪು, ಸ್ವೆಟರ್ ಇಲ್ಲ. ತೋಳ ಮೇಲೆಲ್ಲ ಮುಳ್ಳೆದ್ದಿತ್ತು.

ಜನ ಬಂದರು. ಯಾರೂ ಕೋಟು ಬಿಚ್ಚಲಿಲ್ಲ. ಗ್ಲೆನಿಸ್ ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋಗಿ ಒಂದೇ ಸಮ ಮಾತಾಡಿದಳು — ನೋಡಿ, ಹಗಲೂ ರಾತ್ರಿ ಒಂದೇ ಹದ, ಸದ್ದಿಲ್ಲ, ಹೊಗೆಯಿಲ್ಲ. ಒಬ್ಬೊಬ್ಬರಾಗಿ ರೇಡಿಯೇಟರ್ ಮೇಲೆ ಅಂಗೈ ಇಟ್ಟರು. ಈ ಊರಿನ ಜನಕ್ಕೆ ಅದೇ ಪರೀಕ್ಷೆ. ಕೈ ಇಟ್ಟರು, ತೆಗೆದರು, ಒಬ್ಬರ ಮುಖ ಒಬ್ಬರು ನೋಡಿದರು. ಚೆನ್ನಾಗಿದೆ, ಬಹಳ ಚೆನ್ನಾಗಿದೆ ಎಂದು ಚಹಾದ ಲೋಟವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.

ಬಾಗಿಲಲ್ಲಿ ಮಿಸೆಸ್ ಪಿಕಪ್ ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಪಾಪ, ಅವಳ ಮನಸ್ಸು ನೋಯಿಸಬೇಡಿ. ನಂಗೆ ಮಾತ್ರ ಬಾಯ್ಲರೇ ಹಾಕ್ಕೊಡಿ."

ಗೆದ್ದೆ. ಎಲ್ಲರೂ ಹೋದ ಮೇಲೆ ಗ್ಲೆನಿಸ್ ಓವನ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತಳು. ಬೆನ್ನು ನನ್ನ ಕಡೆ. ಭುಜ ಅಲುಗುತ್ತಿತ್ತು. ಕೆಮ್ಮೋ ಅಳುವೋ ಗೊತ್ತಾಗಲಿಲ್ಲ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

೧೯ ಜನವರಿ, ಭಾನುವಾರ

ವಸೀಮ್ ಫೋನ್. ನಿನ್ನೆ ಬಂದವರಲ್ಲಿ ಇಬ್ಬರು ಅವನಿಗೆ ಕೊಟ್ಟಿದ್ದ ಹೀಟ್ ಪಂಪ್ ಆರ್ಡರ್ ರದ್ದು ಮಾಡಿದ್ದಾರೆ.

"ಮನೆ ಐಸ್ ಆಗಿತ್ತಂತಲ್ಲ? ನನ್ನ ಮಷೀನ್ ಹಂಗೆ ಮಾಡಲ್ಲ ಗುರುವೇ. ನಾಳೆ ಬಂದು ನೋಡ್ತೀನಿ."

ಬೇಡ, ನಾನೇ ನೋಡುತ್ತೇನೆ ಎಂದೆ. "ಸರಿ. ನಂಬರ್ ನಿನಗೆ ಗೊತ್ತಲ್ಲ, ನೀನೇ ನೋಡು" ಎಂದ.

ನಲವತ್ತೆರಡಕ್ಕೆ ಏರಿಸಿದೆ. ಮೇಲೆ ಗ್ಲೆನಿಸ್ ಕೆಮ್ಮುತ್ತಿದ್ದಳು, ಹಸಿ ಕೆಮ್ಮು ಈಗ. ಅವಳಿಗಾಗಿ ಏರಿಸಿದೆನೋ ವಸೀಮ್ ಬರುತ್ತಾನೆಂಬ ಭಯಕ್ಕೋ — ಇಲ್ಲಿ ಯಾರೂ ಓದುವುದಿಲ್ಲ, ಆದರೂ ಬರೆಯಲು ಕೈ ಬರುತ್ತಿಲ್ಲ.

೨೭ ಜನವರಿ, ಸೋಮವಾರ

ನ್ಯುಮೋನಿಯಾ. ಎರಡೂ ಶ್ವಾಸಕೋಶ. ಮಂಗಳವಾರದಿಂದ ಆಸ್ಪತ್ರೆಯಲ್ಲಿ. ಮುಖಕ್ಕೆ ಆಮ್ಲಜನಕದ ಮಾಸ್ಕ್. ಮೊದಲ ಮೂರು ದಿನ ನನ್ನ ಗುರುತೇ ಹಿಡಿಯಲಿಲ್ಲ. ಡಾಕ್ಟರಮ್ಮ ಕೇಳಿದರು, "ಮನೇಲಿ ಹೀಟಿಂಗ್ ಸರಿಯಾಗಿದೆ ತಾನೇ?" ತಲೆಯಾಡಿಸಿದೆ.

ಹಗಲು ಮಿಸೆಸ್ ಪಿಕಪ್ ಮನೆಗೆ ಹೊಸ ಬಾಯ್ಲರ್ ಹಾಕಿದೆ. ಒಪ್ಪಿಕೊಂಡಾಗಿತ್ತು. "ಆ ಮಷೀನಿಂದಲೇ ಅಂತೆ ಹಿಂಗಾಗಿದ್ದು, ಊರೆಲ್ಲ ಅದೇ ಮಾತು" ಎಂದರು. ಸ್ಪ್ಯಾನರ್ ಹುಡುಕುವ ನೆಪದಲ್ಲಿ ವ್ಯಾನಿಗೆ ಹೋಗಿ ಕೂತೆ. ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿದೆ, ಎಲ್ಲರಿಗೂ ಬಾಯ್ಲರ್ ಬೇಕು. ಯಾವುದನ್ನೂ ಎತ್ತಲಿಲ್ಲ.

ಅವಳು ಹೋಗಿಬಿಟ್ಟರೆ ಎಂಬ ಯೋಚನೆ ಬರುತ್ತದೆ. ಬಂದು, ಹೋಗುವುದಿಲ್ಲ.

೩೦ ಜನವರಿ, ಗುರುವಾರ

ಮಾಸ್ಕ್ ತೆಗೆದರು. ಕೈ ಹಿಡಿದುಕೊಂಡು ಕೂತಿದ್ದೆ. ಇವತ್ತು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಅವಳೇ ಮೊದಲು ಬಾಯಿ ತೆರೆದಳು.

"ಟ್ರೆವ್, ಒಂದು ಮಾತು. ಮನೆ ತಣ್ಣಗಿತ್ತು ಕಣೋ. ತುಂಬಾ ದಿನದಿಂದ. ನಾನು ಸುಳ್ಳು ಹೇಳಿದೆ."

"ಇರಲಿ ಬಿಡು, ಈಗ್ಯಾಕೆ—"

"ಕ್ಯಾಲೆಂಡರ್ ಹಾಕಿ ಮುಚ್ಚಿಟ್ಟೆ. ನಿನ್ನೆದುರು ಸೋಲಬಾರದು ಅಂತ. ನಿನ್ನ ಕಸುಬಿನ ಮರ್ಯಾದೆ ಕಳೆದೆ, ಇಷ್ಟು ಖರ್ಚು ಮಾಡಿಸಿದೆ. ತಪ್ಪು ನಂದೇ. ಅದನ್ನ ತೆಗೆಸಿಬಿಡು. ನಿನ್ನ ಬಾಯ್ಲರೇ ಹಾಕು. ಕ್ಷಮಿಸಿಬಿಡೋ."

ಕ್ಷಮಿಸು ಎಂದಳು. ನನ್ನನ್ನು ಕೇಳಿದಳು!

ಅವಳ ಹೊದಿಕೆಯ ಅಂಚು ಸರಿಮಾಡುತ್ತ ಕೂತೆ. ನರ್ಸ್ ಬಂದು ಹೊತ್ತಾಯಿತು ಎಂದರು. ಬದುಕಿದೆ ಎಂದುಕೊಂಡು ಎದ್ದೆ. ಥೂ.

೪ ಫೆಬ್ರವರಿ, ಮಂಗಳವಾರ

ಕರೆದುಕೊಂಡು ಬಂದೆ. ಹೊರಬಾಗಿಲ ಮೆಟ್ಟಿಲು ಹತ್ತಲು ತೋಳು ಕೊಟ್ಟೆ, ಹಕ್ಕಿಯಷ್ಟು ಹಗುರ.

ಹಜಾರದಲ್ಲಿ ನಿಂತಳು. ಕೋಟು ಬಿಚ್ಚಲಿಲ್ಲ, ಚಳಿಗೆ ಸಿದ್ಧಳಾಗಿ ಬಂದಿದ್ದಳು. ಒಂದು ನಿಮಿಷ ಹಾಗೇ ನಿಂತು, ಮೊದಲು ಸ್ಕಾರ್ಫ್ ತೆಗೆದಳು. ಆಮೇಲೆ ಕೋಟು.

"ಅಬ್ಬಾ, ಬೆಚ್ಚಗಿದೆ. ಅಷ್ಟು ಬೇಗ ಬಾಯ್ಲರ್ ಹಾಕಿಬಿಟ್ಯಾ?"

ಉತ್ತರ ಕೊಡುವ ಮೊದಲೇ ಅಡುಗೆಮನೆಗೆ ನಡೆದಳು. ಗೋಡೆಯ ಬೆಳ್ಳನೆಯ ಚೌಕ ಖಾಲಿ. ಕಿಟಕಿಯಿಂದ ಹಿತ್ತಿಲು ನೋಡಿದಳು, ಫ್ಯಾನ್ ತನ್ನ ಪಾಡಿಗೆ ತಿರುಗುತ್ತಿತ್ತು.

"ಅದೇ ಮಷೀನು?"

"ಹ್ಞೂಂ."

"ಹಂಗಾದ್ರೆ ಆಗ ಏನಾಗಿತ್ತು, ಟ್ರೆವ್?"

ಕೂತುಕೋ, ಚಹಾ ತರುತ್ತೇನೆ ಎಂದೆ. ಮುಂದಿನ ಕೋಣೆಯಲ್ಲಿ ಕೂರಿಸಿ ಬಂದಿದ್ದೇನೆ. ಕೆಟಲ್ ಕುದಿದು ಆರಿತು. ಇನ್ನೊಮ್ಮೆ ಕುದಿಸಿದೆ. ಇದನ್ನು ಬರೆಯುತ್ತ ನಿಂತಿದ್ದೇನೆ, ಹೇಡಿ.

ಮತ್ತೆ ಕೂಗಿದಳು. "ಟ್ರೆವ್? ಆಗ ಏನಾಗಿತ್ತು?" ದನಿ ಬೇರೆಯಾಗಿದೆ. ಯೋಚಿಸಿದ್ದಾಳೆ.

ಗ್ಲೆನಿಸ್, ತಪ್ಪು ನಿನ್ನದಲ್ಲ, ಮಷೀನಿನದೂ ಅಲ್ಲ ಎಂದು ಶುರು ಮಾಡಬೇಕು. ಅಷ್ಟು ಹೇಳಿದರೆ ಉಳಿದದ್ದು ತಾನಾಗಿ ಬರುತ್ತದೆ. ಎದ್ದು ಬರುತ್ತಿದ್ದಾಳೆ, ಗೋಡೆ ಹಿಡಿದುಕೊಂಡು, ನಿಧಾನವಾಗಿ. ಚಪ್ಪಲಿಯ ಸದ್ದು ಮೆಟ್ಟಿಲ ಕೆಳಗೆ ನಿಂತಿತು. ಪ್ಯಾನೆಲಿನ ಬಾಗಿಲು ತೆರೆದ ಸದ್ದು, ಅವಳಿಗೆ ತಿಳಿದಿದೆ. ಪೆನ್ನು ಇಟ್ಟು ಹೋಗುತ್ತಿದ್ದೇನೆ, ಹೇಳುವುದಕ್ಕೆ.