ಗಾಳಿ ತಿರುಗುವ ಮೊದಲೇ

ಅಣ್ಣಾ,

ಇವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ಪ್ರದೇಶಕ್ಕೊಂದರಂತೆ ಕಾಳ್ಗಿಚ್ಚು ಸಂಶೋಧನಾ ಕೇಂದ್ರ ತೆರೆಯಲು ಒಪ್ಪಿಗೆ ಸಿಕ್ಕಿತು. ಮೊದಲನೆಯದು ನಮ್ಮ ಊರಿಗೇ, ಅದೂ ನನ್ನ ಕೈಗೆ.

ಸಭೆಯಲ್ಲಿ ಒಬ್ಬ ಅಧಿಕಾರಿ, "ಬೆಂಕಿ ಎಲ್ಲಾ ಕಡೆ ಬೆಂಕೀನೇ ಅಲ್ವಾ ಮೇಡಂ? ರಾಜಧಾನೀಲಿ ಒಂದಿದ್ರೆ ಸಾಲದಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಗ್ನಿಶಾಮಕ ದಳದ ನಿನ್ನ ಸಾಹೇಬರು ಎದ್ದು ನಿಂತರು.

"ಸಾಲಲ್ಲ ಸಾರ್. ನಮ್ಮ ಗುಡ್ಡದಲ್ಲಿ ಸಂಜೆ ಗಾಳಿ ಉಲ್ಟಾ ಹೊಡೆಯುತ್ತೆ. ರಾಜಧಾನಿಗೆ ಅದು ಗೊತ್ತಿರ್ಲಿಲ್ಲ. ಆ ಗಾಳೀಲೇ ಇವರಣ್ಣನ್ನ ಕಳ್ಕೊಂಡ್ವಿ."

ಮೊದಲು ಕೈ ಎತ್ತಿದ್ದು ಆ ಅಧಿಕಾರಿಯೇ. ಆಮೇಲೆ ಎಲ್ಲರ ಕೈಗಳೂ ಮೇಲೆದ್ದವು.

ಅಮ್ಮನಿಗೆ ಫೋನ್ ಮಾಡಿದೆ. ನಕ್ಕಳು ಕಣೋ, ಎಷ್ಟು ದಿನದ ಮೇಲೆ!

ಇನ್ನು ಗಾಳಿ ತಿರುಗುವ ಮೊದಲೇ ನಾವು ವೈರ್‌ಲೆಸ್‌ನಲ್ಲಿ ಹೇಳಿಬಿಡುತ್ತೇವೆ. ನಿನ್ನ ತಂಡದವರು ಓಡಬೇಕಾಗಿಲ್ಲ ಅಣ್ಣಾ, ಹರಟೆ ಹೊಡೆಯುತ್ತಾ ನಡೆದುಕೊಂಡೇ ಗುಡ್ಡ ಇಳಿದು ಬರಬಹುದು.