ಪ್ರಿಮಿತಿವಾ ಅಜ್ಜಿಯ ಹಾಡು

ಮಾರ್ಚ್ ೧೪, ಇಲೋಯಿಲೋ

ಪ್ರಿಮಿತಿವಾ ಅಜ್ಜಿ ತಲೆಯಿಂದ ಇಳಿಯುತ್ತಿಲ್ಲ. ಕಥೆ ಬರೆಯಲು ಕಲಿಸುವ ಕಾಲೇಜು ನನ್ನನ್ನು ಕೆಲಸ ಕಲಿಯಲೆಂದು ಪತ್ರಿಕೆಗೆ ಕಳಿಸಿ ಮೂರು ವಾರ. ನಾನು ಮುಖವನ್ನೇ ನೋಡಿರದ ಈ ಅಜ್ಜಿಯ ನಿಧನವಾರ್ತೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮನೆಯವರು ಕೊಟ್ಟಿದ್ದು ಹೆಸರು, ವಯಸ್ಸು ಅಷ್ಟೇ. ತೀರಾ ಬೋಳಾಗಿ ಕಂಡಿತೆಂದು 'ಹೊಲಿಯುತ್ತಾ ಹಾಡುತ್ತಿದ್ದರು' ಎಂದು ನಾನೇ ಕಲ್ಪಿಸಿ ಸೇರಿಸಿದೆ.

ಇವತ್ತು ಅವರ ಮಗಳ ಫೋನು. ಬೈಸಿಕೊಳ್ಳಲು ಸಿದ್ಧಳಾದೆ.

"ಎಷ್ಟು ಚೆನ್ನಾಗ್ ಬರ್ದಿದೀಯಮ್ಮಾ! ಶವಪೆಟ್ಟಿಗೆ ಮುಂದೆ ಜಾಗರಣೆ ಕೂತಾಗೆಲ್ಲ ಅದನ್ನೇ ಓದ್ತಿದೀವಿ. ಅವ್ವ ಹಾಡ್ತಿದ್ದಿದ್ದು ತಮ್ಮನಿಗೂ ಈಗ ನೆನಪಾಯ್ತಂತೆ."

ಸಂಪಾದಕಿ ಒಫೇಲಿಯಾ ಅಕ್ಕ ಬೆನ್ನು ತಟ್ಟಿದರು. "ಕೈ ಪಳಗಿದೆ ಕಣೇ. ಓದು ಮುಗಿಸಿ ಇಲ್ಲಿಗೇ ಬಾ, ಕೆಲ್ಸ ಕೊಡ್ತೀನಿ."

ಇದೇ ಮಾತಿಗೆ ಕಾದಿದ್ದೆ. ಆದರೆ ಕಣ್ಣು ಮುಚ್ಚಿದರೆ ಅಜ್ಜಿ ಹೊಲಿಗೆ ಯಂತ್ರದ ಮುಂದೆ ಕೂತು ಬಾಯಿ ತೆರೆಯುತ್ತಾರೆ. ಯಾವ ಹಾಡು ಹಾಡಲಿ ಎಂದು ನನ್ನನ್ನೇ ಕೇಳುತ್ತಾರೆ.